ಮೇಣದೊಳಗಿನ ಚೂರು

ದಾವಣಗೆರೆಯ ಆಸ್ಪತ್ರೆಯಲ್ಲಿ ಅದನ್ನು ನನ್ನ ಅಂಗೈ ಮೇಲೆ ಇಟ್ಟಾಗ ಅದಕ್ಕೆ ತೂಕವೇ ಇಲ್ಲವೆನ್ನಿಸಿತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಪ್ಲಾಸ್ಟಿಕ್ ಚೌಕಟ್ಟು, ಅದರ ತುಂಬ ಬಿಳಿಯ ಮೇಣ, ಮೇಣದ ನಡುವೆ ಹುಣಸೆ ಬೀಜದಷ್ಟು ಒಂದು ಕಂದು ಕಲೆ. ಆ ಕಲೆ ನನ್ನ ಎರಡನೆಯ ಮಗ ಕೊಟ್ರೇಶನ ಮೈಯಿಂದ ಕೊಯ್ದು ತೆಗೆದದ್ದು.

"ಜೋಪಾನ ಅಜ್ಜ," ಎಂದಳು ಪ್ರಯೋಗಾಲಯದ ಹೆಣ್ಣುಮಗಳು. "ಇದಕ್ಕೆ ಬ್ಲಾಕ್ ಅಂತೀವಿ. ಬಿಸಿಲಿಗೆ ಇಡಬ್ಯಾಡ್ರಿ, ಮೇಣ ಇಳಿದುಬಿಡತೈತೆ. ಕೆಟ್ಟ ಗಡ್ಡೆ ಇರೋದು ಇದೊಂದ್ರಾಗೇ. ಉಳಿದ ಬ್ಲಾಕಿನಾಗೆಲ್ಲ ಬರೀ ಒಳ್ಳೇ ಮಾಂಸ. ಇದು ಕಳೀತೋ, ಮತ್ತೊಂದಿಲ್ಲ."

ನಾನು ಅದನ್ನು ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಚೀಲದ ತಳಕ್ಕಿಟ್ಟು, ಮೇಲೆ ಒದ್ದೆ ಟವೆಲು ಹೊದಿಸಿದೆ. ಬಸ್ಸಿನಲ್ಲಿ ನೆರಳಿನ ಕಡೆಯ ಸೀಟು ಹಿಡಿದೆ. ನನಗೆ ಎಪ್ಪತ್ತೆಂಟು ವರ್ಷ. ಈ ವಯಸ್ಸಿನಲ್ಲಿ ಮಗನ ಮೈಯ ಚೂರನ್ನು ತೊಡೆಯ ಮೇಲಿಟ್ಟುಕೊಂಡು ಚಿತ್ರದುರ್ಗದ ಬಿಸಿಲಲ್ಲಿ ಹಾದುಹೋಗುವ ಕೆಲಸ ನನ್ನ ಪಾಲಿಗೆ ಬಂದಿತು. ಕೊಟ್ರೇಶನಿಗೆ ಬಸ್ಸಿನಲ್ಲಿ ಬಹಳ ಹೊತ್ತು ಕೂರಲು ಆಗುತ್ತಿರಲಿಲ್ಲ. ಅವನ ಹೆಂಡತಿ ಭಾಗ್ಯ ಹೊಸದುರ್ಗದಲ್ಲಿ ಅವನ ಅಂಗಡಿ ನೋಡಿಕೊಳ್ಳುತ್ತಿದ್ದಳು. ಬೇರೆ ಯಾರಿದ್ದರು?

ಕೊಟ್ರೇಶ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವವನು. ಕೊಳವೆಬಾವಿ ಇರುವ ಕಡೆಯೆಲ್ಲ ಅವನ ಕೈಗೆ ಬಿಡುವಿಲ್ಲ. ಹೋದ ವರ್ಷ ಮೂತ್ರ ಕಟ್ಟಿಕೊಂಡಂತಾಗಿ ತೋರಿಸಲು ಹೋದವನಿಗೆ ರಕ್ತಪರೀಕ್ಷೆಯಲ್ಲಿ ಪಿ.ಎಸ್.ಎ. ಎಂಬ ಅಂಶ ಬಹಳ ಹೆಚ್ಚಾಗಿದೆ ಎಂದರು. ಆಮೇಲೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಎಂದರು. ದೀಪಾವಳಿ ಕಳೆದ ಮೇಲೆ ದಾವಣಗೆರೆಯಲ್ಲಿ ಆ ಗ್ರಂಥಿಯನ್ನೇ ತೆಗೆದುಹಾಕಿದರು. ಗಾಯ ಮಾಯಿತು. ರಕ್ತದಲ್ಲಿ ಪಿ.ಎಸ್.ಎ. ಇಲ್ಲವೇ ಇಲ್ಲವೆಂಬಷ್ಟು ಇಳಿಯಿತು. ಮೂತ್ರ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಕೆಮ್ಮಿದರೆ, ಸೀನಿದರೆ, ಬಾಗಿ ಮೋಟಾರು ಎತ್ತಿದರೆ ಚಡ್ಡಿ ಒದ್ದೆ.

"ಸೀಲು ಹೋಗೈತೆ ಕಣಪ್ಪ," ಎಂದು ತನ್ನ ಗಿರಾಕಿಗಳಿಗೇ ಹೇಳಿ ನಗುತ್ತಿದ್ದ. "ನಿಮ್ಮ ಮೋಟಾರಿಗೆ ಆದ್ರೆ ಸೀಲು ಸಿಗತೈತೆ. ನಂದಕ್ಕೆ ಕಂಪನಿ ಮುಚ್ಚೈತಂತೆ."

ಮುಗಿಯಿತೆಂದು ನಾವು ಉಸಿರು ಬಿಟ್ಟಿದ್ದೆವು. ಮುಗಿದಿರಲಿಲ್ಲ. ಪ್ರತಿ ಮಂಗಳವಾರ ಚಿತ್ರದುರ್ಗಕ್ಕೆ ಬರುವ ಕ್ಯಾನ್ಸರ್ ಡಾಕ್ಟರು ಬೃಂದಾ ಅವರು ನಮ್ಮನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರು.

"ನೋಡ್ರಿ ಕೊಟ್ರೇಶ್, ಸದ್ಯ ನಿಮ್ಮ ರಕ್ತದಲ್ಲಿ ಏನೂ ಕಾಣ್ತಿಲ್ಲ. ಆದರೆ ಆ ಗಡ್ಡೆ ಒಂದು ಕಡೆ ಬದು ದಾಟಿತ್ತು. ಕೊಯ್ದ ಅಂಚಲ್ಲೂ ಒಂಚೂರು ಸಿಕ್ಕಿದೆ. ಇಂಥವರಲ್ಲಿ ಕೆಲವರಿಗೆ ಕಾಯಿಲೆ ವಾಪಸ್ ಬರುತ್ತೆ. ಕೆಲವರಿಗೆ ಜೀವ ಇರೋವರೆಗೂ ಬರಲ್ಲ."

"ನಾನು ಯಾವ ಕಡೆ ಮೇಡಂ?"

"ಅದೇ ಗೊತ್ತಾಗಬೇಕಿರೋದು. ಈಗಲೇ ರೇಡಿಯೇಷನ್ ಕೊಟ್ಟುಬಿಡಬಹುದು."

"ಅಂದ್ರೆ ಕರೆಂಟು ಇಡೋದು."

"ಹೂಂ, ಎಲ್ಲರೂ ಹಂಗೇ ಅಂತಾರೆ. ಬೇಕಿರೋರಿಗೆ ಅದರಿಂದ ಜೀವ ಉಳಿಯುತ್ತೆ. ಬೇಡದೇ ಇರೋರಿಗೆ ಕೊಟ್ಟರೆ ಈಗ ಸ್ವಲ್ಪ ಹಿಡಿತಕ್ಕೆ ಬಂದಿರೋ ಮೂತ್ರ ಮತ್ತೆ ಕೈಬಿಟ್ಟು ಹೋಗಬಹುದು, ಕರುಳಿಗೂ ತೊಂದರೆ. ಅದಕ್ಕೇ ಗಡ್ಡೆಯನ್ನೇ ಕೇಳೋಣ ಅಂತಿದ್ದೀನಿ."

ಗಡ್ಡೆಯನ್ನು ಕೇಳುವುದೆಂದರೇನೆಂದು ನಾನು ವಿಚಾರಿಸಿದೆ. ತೆಗೆದ ಗಡ್ಡೆಯ ಚೂರುಗಳನ್ನು ಆಸ್ಪತ್ರೆಯವರು ಮೇಣದಲ್ಲಿಟ್ಟು ವರ್ಷಗಟ್ಟಲೆ ಕಾಪಾಡುತ್ತಾರಂತೆ. ಆ ಚೂರಿನೊಳಗೆ ಗಡ್ಡೆಯ ಸ್ವಭಾವದ ಗುರುತುಗಳಿರುತ್ತವೆ, ಬಯೋಮಾರ್ಕರ್ ಎಂದು ಅವಕ್ಕೆ ಹೆಸರು. ಗಡ್ಡೆಯ ಜೀವಕೋಶಗಳಲ್ಲಿ ಯಾವ ಜೀನುಗಳು ಎದ್ದು ಕುಣಿಯುತ್ತಿದ್ದವು, ಯಾವುವು ಸುಮ್ಮನಿದ್ದವು ಎಂದು ದೂರದ ಒಂದು ಪ್ರಯೋಗಾಲಯದಲ್ಲಿ ನೋಡಿ, ಸೊನ್ನೆಯಿಂದ ಒಂದರೊಳಗೆ ಒಂದು ಅಂಕ ಕೊಡುತ್ತಾರೆ. ಅಂಕ ಒಂದರ ಹತ್ತಿರ ಹೋದಷ್ಟೂ ಕಾಯಿಲೆ ಮರಳುವ ಸಂಭವ ಹೆಚ್ಚು.

"ತಿಳೀತು ಬಿಡ್ರಿ," ಎಂದ ಕೊಟ್ರೇಶ. "ಸುಟ್ಟ ಕಾಯಿಲ್ ಬಿಚ್ಚಿ ನೋಡ್ದಂಗೆ. ನಾನು ಹೊಸ ವೈರು ಸುತ್ತಿ ಕೊಟ್ಟಿರ್ತೀನಿ, ಮೋಟಾರು ಜುಮ್ ಅಂತ ಓಡ್ತಿರತೈತೆ. ಆದ್ರೂ ಹಳೇ ಕಾಯಿಲ್ ಎಲ್ಲಿ ಸುಟ್ಟಿತ್ತು, ಹೆಂಗೆ ಸುಟ್ಟಿತ್ತು ಅಂತ ನೋಡಿದ್ರೆ ಇದು ಮತ್ತೆ ಬರೋ ಗಿರಾಕಿನೋ ಅಲ್ವೋ ಅಂತ ಅಂದಾಜು ಸಿಗತೈತೆ."

"ಹಂಗೇ ಅಂದುಕೊಳ್ಳಿ. ಆದರೆ ಅದು ಅಂದಾಜು ಅಷ್ಟೇ, ಜ್ಯೋತಿಷ್ಯ ಅಲ್ಲ," ಎಂದು ಡಾಕ್ಟರು ನಕ್ಕರು. "ಆ ಬ್ಲಾಕ್ ಇಸ್ಕೊಂಡು ಮುಂದಿನ ಮಂಗಳವಾರ ತಂದುಕೊಡಿ. ನಾವು ಇಲ್ಲಿಂದ ಕಳಿಸ್ತೀವಿ. ರೇಡಿಯೇಷನ್ ಬೇಕಾದರೆ ಈಗಲೇ ಶುರು ಮಾಡಬೇಕು, ಬಹಳ ದಿನ ಕಾಯೋ ಹಂಗಿಲ್ಲ."

ಹೀಗೆ ಶನಿವಾರ ಅದು ನನ್ನ ಚೀಲದೊಳಗೆ ಬಂದಿತು.

ನಮ್ಮ ಊರು ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿದೆ. ನಾನು ಮನೆ ಸೇರಿದಾಗ ಗೋಡೆಗಳು ಇನ್ನೂ ಬೆಚ್ಚಗಿದ್ದವು. ಭಾಗ್ಯ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ನೇರ ಫ್ರಿಜ್ಜಿನ ಬಾಗಿಲು ತೆರೆದಳು.

"ಏ ಭಾಗ್ಯ, ನಿಂತ್ಕ," ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. "ಹಾಲು, ಹೆಪ್ಪು ಇರೋ ಜಾಗದಾಗೆ ಮಾಂಸ ಇಡ್ತೀಯೇನೆ? ಲಿಂಗ ಕಟ್ಟಿದ ಮನೆ ಇದು."

"ಅತ್ತೆ, ಇದು ಮಾಂಸ ಅಲ್ಲ. ನಿಮ್ಮ ಮಗಂದು."

ಹೆಂಡತಿಯ ಹೆಸರು ಮರುಳಸಿದ್ದಮ್ಮ. ನಾನು ಮರುಳಸಿದ್ದಪ್ಪ. ಸಿರಿಗೆರೆ ಮಠಕ್ಕೆ ನಡೆದುಕೊಳ್ಳುವ ನಮ್ಮ ಕಡೆ ಈ ಹೆಸರು ಮನೆಮನೆಗೂ ಇದೆ. ಮದುವೆಯಲ್ಲಿ ಹೆಣ್ಣಿಗೂ ಗಂಡಿಗೂ ಒಂದೇ ಹೆಸರೆಂದು ಜನ ನಕ್ಕಿದ್ದರು. ಅವಳು ಈಚೆಗೆ ಬಂದು ಡಬ್ಬಿಯ ಮುಚ್ಚಳ ತೆಗೆಸಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ಕೊಟ್ರಾಂದಾ?"

"ಹೂಂ."

"ಇದನ್ನ ಏನು ಮಾಡ್ತಾರೆ?"

ನಾನು ತಿಳಿದಷ್ಟು ಹೇಳಿದೆ. ಮೇಣದ ಸಮೇತ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆಯುತ್ತಾರೆ, ಬಿಸಿಗೆ ಹಿಡಿದು ಮೇಣ ಇಳಿಸುತ್ತಾರೆ, ಆಮೇಲೆ ಔಷಧಿಯಲ್ಲಿ ಕರಗಿಸಿ ಗುರುತು ನೋಡುತ್ತಾರೆ ಎಂದೆ. ಅವಳು ಡಬ್ಬಿಯನ್ನು ತಾನೇ ತೆಗೆದುಕೊಂಡು ಹೋಗಿ ದೇವರ ಕೋಣೆಯ ಗೂಡಿನಲ್ಲಿಟ್ಟಳು. ಮನೆಯಲ್ಲಿ ತಂಪಾದ ಜಾಗವೆಂದರೆ ಅದೇ. ಕಲ್ಲುಗೋಡೆ, ಕಿಟಕಿ ಇಲ್ಲ. ನನಗೂ ಸರಿಯೆನ್ನಿಸಿತು.

ಆ ಗೂಡಿನಲ್ಲಿ ಮೊದಲೇ ಒಂದು ವಸ್ತುವಿತ್ತು. ಅದು ನಮ್ಮ ಹಿರಿಯ ಮಗ ತಿಪ್ಪೇಸ್ವಾಮಿಯ ಇಷ್ಟಲಿಂಗ.

ತಿಪ್ಪೇಸ್ವಾಮಿ ಹಿರಿಯೂರು ಡಿಪೋದಲ್ಲಿ ಬಸ್ ಕಂಡಕ್ಟರಾಗಿದ್ದ. ಕೊರೊನಾದ ಎರಡನೆಯ ಅಲೆಯಲ್ಲಿ ಉಸಿರು ಸಿಕ್ಕದೆ ಬೆಂಗಳೂರಿಗೆ ಒಯ್ದರು. ಅಲ್ಲಿ ತೀರಿಕೊಂಡ. ನಮ್ಮಲ್ಲಿ ಸತ್ತವರನ್ನು ಕುಣಿಯಲ್ಲಿ ಕೂರಿಸಿ, ಅಂಗೈಯಲ್ಲಿ ಅವರ ಲಿಂಗವಿಟ್ಟು, ವಿಭೂತಿ ಪತ್ರೆ ಹಾಕಿ ಮಣ್ಣು ಮಾಡುವುದು. ಆ ದಿನಗಳಲ್ಲಿ ಅದಕ್ಕೆಲ್ಲ ಎಲ್ಲಿ ಅವಕಾಶ? ಯಾರೋ ಪುಣ್ಯಾತ್ಮರು ಮೈತುಂಬ ಪ್ಲಾಸ್ಟಿಕ್ ತೊಟ್ಟು ಅವನನ್ನು ಚಿತಾಗಾರಕ್ಕೆ ಒಯ್ದರು. ಬೆಂಕಿಯನ್ನು ಫೋನಿನಲ್ಲಿ ತೋರಿಸಿದರು. ನಾನು ನೋಡಿದೆ. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ತಿರುಗಿ ಕುಳಿತಳು. ಆಸ್ಪತ್ರೆಗೆ ಸೇರಿಸುವಾಗ ಮೈಮೇಲಿಂದ ತೆಗೆದಿದ್ದ ಅವನ ಲಿಂಗ, ಕೈಗಡಿಯಾರ, ಚಪ್ಪಲಿ ಒಂದು ಕವರಿನಲ್ಲಿ ಮನೆಗೆ ಬಂದವು. ದೇಹವಿಲ್ಲದ ಲಿಂಗವನ್ನು ಏನು ಮಾಡಬೇಕೆಂದು ನಮ್ಮ ಅಯ್ಯನವರನ್ನು ಕೇಳಿದೆ. ಹೊಳೆಗೆ ಬಿಡಿ ಎಂದರು. ಅವಳು ಒಪ್ಪಲಿಲ್ಲ. ಅಂದಿನಿಂದ ಅದು ಆ ಗೂಡಿನಲ್ಲೇ ಇತ್ತು. ದಿನಾ ಬೆಳಿಗ್ಗೆ ನನ್ನ ಪೂಜೆಯಾದ ಮೇಲೆ ಅವಳು ಅದಕ್ಕೂ ಒಂದು ದಳ ಏರಿಸುತ್ತಿದ್ದಳು.

ಭಾನುವಾರ ಕೊಟ್ರೇಶ ದೇವರ ಕೋಣೆಗೆ ಇಣುಕಿ, "ನಾನು ಇಲ್ಲಿ ಹೊರಗೆ ಕುಂತಿದ್ದೀನಿ, ಒಳಗೂ ಕುಂತಿದ್ದೀನಿ. ಅವ್ವ, ಎಡೆ ಇಡೋವಾಗ ಎರಡೂ ಕಡೆ ಇಡು," ಎಂದ.

"ಬಾಯಿ ಮುಚ್ಚು ಮುಂಡೇದೆ," ಎಂದಳು ಅವಳು. ನಗಲಿಲ್ಲ.

ಸೋಮವಾರ ನಾನು ಕನ್ನಡಕದ ಕಾಲು ಸರಿಮಾಡಿಸಲು ಹೊಳಲ್ಕೆರೆಗೆ ಹೋಗಿದ್ದೆ. ಸಂಜೆ ಬಂದಾಗ ಅವಳು ತಲೆಗೆ ನೀರು ಹಾಕಿಕೊಂಡು, ಕೂದಲು ಇಳಿಬಿಟ್ಟು ಜಗಲಿಯ ಮೇಲೆ ಕುಳಿತಿದ್ದಳು. ಆ ಹೊತ್ತಿನಲ್ಲಿ ಸ್ನಾನ ಏಕೆಂದು ಕೇಳಿದೆ. ಸೆಕೆ ಎಂದಳು. ಮುಖ ಬಹಳ ಹಗುರವಾಗಿತ್ತು. ವರ್ಷಗಳಿಂದ ನಾನು ಆ ಮುಖ ಕಂಡಿರಲಿಲ್ಲ. ನನಗೆ ಸಂತೋಷವೇ ಆಯಿತು.

ದೀಪ ಹಚ್ಚುವ ಹೊತ್ತಿಗೆ, ನಾಳೆಯ ಚೀಲ ಸಿದ್ಧಪಡಿಸಿಡೋಣವೆಂದು ಗೂಡಿಗೆ ಕೈಹಾಕಿದೆ. ಡಬ್ಬಿ ಬರಿದಾಗಿತ್ತು. ಲಿಂಗವೂ ಇರಲಿಲ್ಲ.

"ಲೇ, ಇಲ್ಲಿದ್ದದ್ದು ಎಲ್ಲಿ?"

ಅವಳು ತಟಕ್ಕನೆ ಉತ್ತರ ಕೊಟ್ಟಳು. ಮುಚ್ಚಿಡುವ ಮನಸ್ಸು ಅವಳಿಗಿರಲಿಲ್ಲ.

"ಮಣ್ಣು ಮಾಡ್ಬಂದೆ."

"ಯಾರನ್ನ?"

"ತಿಪ್ಪೇಶಿನ್ನ."

ಅಂಗಡಿಯಿಂದ ಆಗಷ್ಟೇ ಬಂದಿದ್ದ ಭಾಗ್ಯ ಕೈಯಲ್ಲಿದ್ದ ಚೀಲವನ್ನು ಅಲ್ಲೇ ಬಿಟ್ಟಳು. ಕೊಟ್ರೇಶ ಮಂಚದಿಂದ ಎದ್ದು ಬಂದ. ಅವಳು ನಡೆದದ್ದನ್ನೆಲ್ಲ ನೆರೆಮನೆಯ ಸುದ್ದಿಯಂತೆ ನಿಧಾನವಾಗಿ ಹೇಳಿದಳು. ಹೊಲದ ಮೂಲೆಯಲ್ಲಿ ನನ್ನ ತಂದೆತಾಯಿಯ ಸಮಾಧಿಗಳಿವೆ. ಅವುಗಳ ಪಕ್ಕದಲ್ಲಿ ಮಣ್ಣು ಅಗೆದು, ಸೋಮವಾರದ ದಿನವೆಂದು ಉಪವಾಸವಿದ್ದು, ಕೊಟ್ರೇಶನ ಚೂರನ್ನು ಬಟ್ಟೆ ಸಮೇತ ಕೂರಿಸಿ, ಅದರ ಮೇಲೆ ತಿಪ್ಪೇಸ್ವಾಮಿಯ ಲಿಂಗವಿಟ್ಟು, ವಿಭೂತಿ ಪತ್ರೆ ಹಾಕಿ ಮುಚ್ಚಿದ್ದಳು. ಲಿಂಗಕ್ಕೆ ಇಷ್ಟು ವರ್ಷ ದೇಹವಿರಲಿಲ್ಲ. ಈಗ ಸಿಕ್ಕಿತ್ತು.

"ಅತ್ತೆ!" ಭಾಗ್ಯಳ ದನಿ ಒಡೆಯಿತು. "ಸತ್ತೋರಿಗೆ ಮಣ್ಣು ಕೊಡಾಕೆ ಬದುಕಿರೋರ ಮೈನೇ ಬೇಕಿತ್ತಾ ನಿಮಗೆ?"

"ಇಬ್ಬರೂ ಒಂದೇ ಹೊಟ್ಟೇಲಿ ಇದ್ದೋರು ಕಣೆ. ನನ್ನ ಹೊಟ್ಟೇಲಿ. ಅವನ ಮೈ ಬೇರೆ, ಇವನ ಮೈ ಬೇರೆ ಅಂತ ನಂಗೆ ಹೇಳಾಕೆ ಬರ್ತೀಯಾ?"

"ನಾಳೆ ಡಾಕ್ಟ್ರಿಗೆ ಕೊಡಬೇಕಿತ್ತು! ಅದಿಲ್ದಿದ್ರೆ ಕರೆಂಟು ಇಡಬೇಕೋ ಬ್ಯಾಡೋ ಹೆಂಗೆ ಗೊತ್ತಾಗತೈತೆ?"

"ಗೊತ್ತಾಗೋದೇ ಬ್ಯಾಡ. ಹಿರೇ ಮಗನ್ನ ಸುಟ್ರು. ಇದನ್ನೂ ಬಿಸಿಗೆ ಹಿಡೀತಾರಂತೆ, ನಿಮ್ಮ ಮಾವನೇ ಹೇಳಿದ್ರಲ್ಲ. ಆಮೇಲೆ ಇವನ ಹೊಟ್ಟೇಗೆ ಕರೆಂಟು ಇಟ್ಟು ಸುಡ್ತಾರಂತೆ. ನನ್ನ ಮಕ್ಕಳು ಎಷ್ಟು ಸಲ ಸುಡಿಸ್ಕಂಬೇಕು? ಹೇಳು, ಎಷ್ಟು ಸಲ?"

ನಾನು ಅವಳ ಮೇಲೆ ಸಿಟ್ಟಾಗಲು ನೋಡಿದೆ, ಆಗಲಿಲ್ಲ. ಪತ್ರೆ ಹಾಕಿ ಮುಚ್ಚಿದ ಮಣ್ಣನ್ನು ಮತ್ತೆ ಕೆದಕುವುದು ನಮ್ಮಲ್ಲಿಲ್ಲ. ಅವಳಿಗೆ ಅದು ಗೊತ್ತು, ನನಗೂ ಗೊತ್ತು. ಅಯ್ಯನವರನ್ನು ಕೇಳೋಣವೆಂದರೆ ಅವರು ಏನೆನ್ನುತ್ತಾರೆಂಬುದೂ ಗೊತ್ತಿತ್ತು. ಆದರೆ ಇನ್ನೊಂದು ಕಡೆ ಈ ಮಗ ನಿಂತಿದ್ದ. ಅವನ ಮುಂದಿನ ದಾರಿ ಆ ಮಣ್ಣಿನೊಳಗಿತ್ತು. ದಾವಣಗೆರೆಯ ಹೆಣ್ಣುಮಗಳು ಹೇಳಿದ್ದಳು, ಮತ್ತೊಂದಿಲ್ಲ ಎಂದು.

ಕೊಟ್ರೇಶ ಮೊದಲು ನಕ್ಕುಬಿಟ್ಟ. ನಗುವಿನ ಜೊತೆ ಅವನಿಗೆ ತಿಳಿಯದಂತೆ ಬಟ್ಟೆ ಒದ್ದೆಯಾಯಿತು. ಪಂಚೆಯನ್ನು ಮುದುರಿ ಹಿಡಿದುಕೊಂಡು ತಾಯಿಯ ಎದುರಿಗೆ ನೆಲದ ಮೇಲೆ ಕುಳಿತ.

"ಅವ್ವ, ಇಲ್ಲಿ ನೋಡು. ನಾನು ಇನ್ನೂ ಇದ್ದೀನಿ."

"ಇರ್ತೀಯ ಬಿಡು. ನೂರು ವರ್ಷ ಇರ್ತೀಯ."

"ಇದ್ದೋನ್ನ ಮಣ್ಣಿಗೆ ಹಾಕಿದೀಯಲ್ಲ."

"ನಿನ್ನನ್ನಲ್ಲಪ್ಪ, ಅವನ್ನ."

"ಅವನ ಹೆಸರಲ್ಲಿ ನನ್ನ." ಅವನು ಇನ್ನಷ್ಟು ಹತ್ತಿರ ಸರಿದ. "ಕೇಳು ಇಲ್ಲಿ. ನಿನ್ನ ಮಣ್ಣು ಮಾಡೋ ಪಾಳಿ ನಂದು. ನನ್ನ ಮಣ್ಣು ಮಾಡೋ ಪಾಳಿ ನಿಂದಲ್ಲ. ಅಣ್ಣ ಸಾಲು ತಪ್ಪಿಸಿ ಮುಂದೆ ಹೋದ. ಅವನು ಕಂಡಕ್ಟ್ರು, ಸೀಟು ಹಿಡಿಯೋದು ಅಭ್ಯಾಸ. ನಾನು ಸಾಲಲ್ಲೇ ನಿಂತೀನಿ. ನೀನು ನನ್ನ ಮುಂದಕ್ಕೆ ತಳ್ಳಬ್ಯಾಡ."

ಅವಳು ಎದ್ದು ಒಳಗೆ ಹೋಗಿ ಗೋಡೆಗೆ ಮುಖಮಾಡಿ ಮಲಗಿದಳು. ಊಟಕ್ಕೆ ಏಳಲಿಲ್ಲ. ನಾಳೆ ಬೆಳಿಗ್ಗೆ ತಾನೇ ಹೋಗಿ ಅಗೆಯುತ್ತೇನೆ ಎಂದು ಭಾಗ್ಯ ನನ್ನ ಹತ್ತಿರ ಹೇಳಿದಳು. ಬೇಡ ಎಂದೆ. ಅವಳು ಅಗೆದರೆ ಈ ಮನೆಯಲ್ಲಿ ಅತ್ತೆ ಸೊಸೆ ಒಂದೇ ಒಲೆಯ ಮುಂದೆ ನಿಲ್ಲುವುದು ಅಂದಿಗೆ ಮುಗಿಯುತ್ತಿತ್ತು. ನಾನೇ ಅಗೆಯಬೇಕೆಂದು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡೆ.

ಬೆಳಕು ಹರಿಯುವಾಗ ಎದ್ದು ನೋಡಿದರೆ ಅವಳ ಹಾಸಿಗೆ ಬರಿದಾಗಿತ್ತು. ಹೊಲಕ್ಕೆ ಹೋದೆ. ಸಮಾಧಿಗಳ ಪಕ್ಕ, ಹಸಿಮಣ್ಣಿನ ಎದುರು, ಚಿಕ್ಕ ಗುದ್ದಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಪತ್ರೆ ಬಾಡಿತ್ತು. ಅವಳು ನನ್ನ ಕಡೆ ತಿರುಗಲಿಲ್ಲ.

"ಎಷ್ಟೊತ್ತಿನಿಂದ ಕುಂತಿದ್ದೀನಿ ಕಣ್ರಿ. ಕೈ ಏಳ್ತಿಲ್ಲ."

ನಾನು ಪಕ್ಕದಲ್ಲಿ ಕುಳಿತೆ. ಮಂಡಿ ಬಾಗಿಸಲು ಇಬ್ಬರಿಗೂ ಹೊತ್ತು ಹಿಡಿಯುತ್ತದೆ.

"ಇದನ್ನ ತೆಗೆದ್ರೆ ಅವನು ಮತ್ತೆ ಆಚೇಲಿ ಬಿದ್ದಂಗೆ," ಎಂದಳು. "ನಿನ್ನೆ ಒಂದು ದಿನ ಅವನು ಮನೆ ಸೇರಿದ್ದ. ನಂಗೆ ಮಧ್ಯಾಹ್ನ ನಿದ್ದೆ ಬಂತು ಕಣ್ರಿ. ಅವನು ಹೋದಾಗಿಂದ ನಂಗೆ ಹಗಲು ನಿದ್ದೆನೇ ಬಂದಿರ್ಲಿಲ್ಲ."

"ಲಿಂಗ ಅಲ್ಲೇ ಇರ್ಲಿ. ಚೂರಷ್ಟೇ ತೆಗೆಯಾಣ."

"ಬರೀ ಲಿಂಗ ಇಟ್ರೆ ಮಣ್ಣು ಮಾಡ್ದಂಗೆ ಆಗತೈತಾ?"

ನಾನು ಸಿರಿಗೆರೆಯ ಹಾಸ್ಟೆಲಿನಲ್ಲಿ ಓದಿದವನು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಬೆಳಿಗ್ಗೆ ಸಂಜೆ ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದವನು. ಈ ಪ್ರಶ್ನೆಗೆ ಉತ್ತರವನ್ನು ನಾನು ಎಲ್ಲಿಯೂ ಓದಿರಲಿಲ್ಲ, ಯಾರ ಬಾಯಿಂದಲೂ ಕೇಳಿರಲಿಲ್ಲ.

"ಆಗತೈತೆ," ಎಂದೆ.

"ಹಂಗಂತ ಯಾರು ಹೇಳ್ಯಾರೆ?"

"ನಾನು ಹೇಳ್ತಿದ್ದೀನಿ."

ಅವಳು ಆಗ ನನ್ನ ಮುಖ ನೋಡಿದಳು. ಸುಳ್ಳು ಹೇಳುತ್ತಿದ್ದೇನೆಯೇ ಎಂದು ಹುಡುಕಿದಳೋ ಏನೋ. ಅದು ಸುಳ್ಳೋ ನಿಜವೋ ನನಗೇ ತಿಳಿಯದು. ತಪ್ಪಾದರೆ ಅದರ ಭಾರ ನನ್ನ ಮೇಲಿರಲಿ ಎಂದು ಮನಸ್ಸಿನಲ್ಲೇ ಗುರುವಿಗೆ ಹೇಳಿಕೊಂಡೆ.

ಅವಳು ಗುದ್ದಲಿ ಬದಿಗಿಟ್ಟು ಕೈಯಿಂದಲೇ ಮಣ್ಣು ಸರಿಸಿದಳು. ಬಹಳ ಆಳ ಇರಲಿಲ್ಲ, ಅವಳ ತೋಳಿನಲ್ಲಿ ಅಷ್ಟು ಬಲವೆಲ್ಲಿತ್ತು? ಲಿಂಗ ಕಂಡಾಗ ಕೈ ಹಿಂದಕ್ಕೆಳೆದುಕೊಂಡಳು. ನಾನು ಬಾಗಿ ಅದನ್ನು ಎತ್ತಿ ಎಡಗೈಯಲ್ಲಿ ಹಿಡಿದೆ. ಮಣ್ಣಿನ ತಂಪು ಅದಕ್ಕೆ ಹತ್ತಿತ್ತು. ಅದರ ಅಡಿಯಿಂದ ಅವಳು ಬಟ್ಟೆಯ ಗಂಟನ್ನು ತೆಗೆದು ಬಿಚ್ಚಿದಳು. ಮೇಣ ಕರಗಿರಲಿಲ್ಲ, ಬಿರಿದಿರಲಿಲ್ಲ. ಮೇಲೆ ವಿಭೂತಿ ಅಂಟಿತ್ತು, ಒಂದೆರಡು ಕೆಮ್ಮಣ್ಣಿನ ಹರಳು ಕೂತಿದ್ದವು. ಸೆರಗಿನಿಂದ ಒರೆಸಿ ನನ್ನ ಬಲಗೈಗೆ ಕೊಟ್ಟಳು.

ಸ್ವಲ್ಪ ಹೊತ್ತು ನಾನು ಹಾಗೆಯೇ ಇದ್ದೆ, ಒಂದು ಕೈಯಲ್ಲಿ ಒಬ್ಬ ಮಗ, ಇನ್ನೊಂದರಲ್ಲಿ ಇನ್ನೊಬ್ಬ. ನಂತರ ಲಿಂಗವನ್ನು ಇದ್ದಲ್ಲಿಯೇ ಇಟ್ಟೆ. ಮಣ್ಣನ್ನು ಅವಳೇ ಮುಚ್ಚಿದಳು. ಹೊಸ ಪತ್ರೆ ಬೇಕೆಂದಳು. ನಾನು ಬರುವ ದಾರಿಯಲ್ಲಿ ಪೂಜೆಗೆಂದು ಕಿತ್ತು ತಂದಿದ್ದನ್ನು ಕೊಟ್ಟೆ.

ಚಿತ್ರದುರ್ಗದಲ್ಲಿ ಬೃಂದಾ ಡಾಕ್ಟರು ಬ್ಲಾಕನ್ನು ಬೆಳಕಿಗೆ ಹಿಡಿದು ನೋಡಿದರು.

"ಇದೇನ್ರಿ, ಬಿಳೀ ಪುಡಿ?"

"ವಿಭೂತಿ ಮೇಡಂ," ಎಂದ ಕೊಟ್ರೇಶ. "ನಮ್ಮವ್ವ ನಂಗೆ ಮುಂಗಡ ಸಂಸ್ಕಾರ ಮಾಡ್ಸಿದ್ಲು. ಬೆಳಿಗ್ಗೆ ಎದ್ದು ಬಂದೆ."

ಡಾಕ್ಟರು ನನ್ನನ್ನು ನೋಡಿದರು. ನಾನು ನಡೆದದ್ದನ್ನು ಸಂಕ್ಷೇಪವಾಗಿ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಒತ್ತಿಕೊಂಡರು.

"ಮೇಣ ಒಳಗಿನದನ್ನ ಕಾಪಾಡಿರುತ್ತೆ ಅನ್ಸುತ್ತೆ. ಮೇಲಿನ ಪದರ ಹೆರೆದು ತೆಗೆದುಬಿಡ್ತಾರೆ. ನಡೆದದ್ದನ್ನ ನಾನು ಲ್ಯಾಬಿಗೆ ಬರೆದು ಕಳಿಸ್ತೀನಿ, ಮುಚ್ಚಿಡೋದು ಬೇಡ. ಪರೀಕ್ಷೆಗೆ ಬರುತ್ತೋ ಇಲ್ಲವೋ ಅಂತ ಅವರೇ ಹೇಳಲಿ."

ಕೆಲವು ದಿನಗಳ ಮೇಲೆ ಪರೀಕ್ಷೆಗೆ ಬರುತ್ತದೆಂದು ಫೋನು ಬಂತು. ಭಾಗ್ಯ ಅಂಗಡಿಯಲ್ಲೇ ಅತ್ತಳಂತೆ. ಮೋಟಾರು ತಂದಿದ್ದ ಯಲ್ಲದಕೆರೆಯ ರೈತನೊಬ್ಬ ಗಾಬರಿಯಾಗಿ, ನನ್ನ ಮೋಟಾರು ಪೂರ್ತಿ ಹೋಯ್ತೇನಮ್ಮ ಎಂದು ಕೇಳಿದನಂತೆ. ಮನೆಯಲ್ಲಿ ಹೆಂಡತಿಗೆ ತಿಳಿಸಿದೆ. ಹೂಂ ಎಂದಳು. ಅಷ್ಟೇ. ಅವಳಿಗೆ ಮತ್ತೆ ಹಗಲು ನಿದ್ದೆ ಬರುತ್ತಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಹೊಲದ ಮೂಲೆಗೆ ಹೋಗಿ ಬರುತ್ತಿದ್ದಳು.

ಮತ್ತೊಂದು ಮಂಗಳವಾರ ಫಲಿತಾಂಶ ಬಂದಿತ್ತು. ಡಾಕ್ಟರು ಕಾಗದವನ್ನು ನಮ್ಮ ಕಡೆ ತಿರುಗಿಸಿ, ಉದ್ದನೆಯ ಗೆರೆಯ ಮೇಲಿದ್ದ ಚುಕ್ಕೆಯನ್ನು ಪೆನ್ನಿನಿಂದ ತೋರಿಸಿದರು. ಚುಕ್ಕೆ ಅರ್ಧಕ್ಕಿಂತ ಎಷ್ಟೋ ಮುಂದಿತ್ತು. ಓದಲು ಕಲಿಯದ ಮಗುವಿಗೂ ಅದು ತಿಳಿಯುತ್ತಿತ್ತು.

"ಸೊನ್ನೆ ಬಿಂದು ಏಳು ಎರಡು. ಜಾಸ್ತಿ ಇದೆ ಕೊಟ್ರೇಶ್. ವಾಪಸ್ ಬಂದೇ ಬರುತ್ತೆ ಅಂತ ಇದರ ಅರ್ಥ ಅಲ್ಲ. ಆದರೆ ಇಷ್ಟಿದ್ದಾಗ ಕಾಯ್ತಾ ಕೂರೋದು ನನಗೆ ಸರಿ ಕಾಣಲ್ಲ. ರಕ್ತದಲ್ಲಿ ಏನೂ ಇಲ್ಲದೇ ಇರೋ ಈಗಲೇ ರೇಡಿಯೇಷನ್ ಕೊಟ್ಟುಬಿಡೋಣ. ಜೊತೆಗೆ ಕೆಲವು ತಿಂಗಳು ಇಂಜೆಕ್ಷನ್ನು."

"ಮೂತ್ರ?"

"ಸ್ವಲ್ಪ ಹಿಂದಕ್ಕೆ ಹೋಗಬಹುದು. ನಾನು ಸುಳ್ಳು ಹೇಳಲ್ಲ."

ಕೊಟ್ರೇಶ ಕಾಗದವನ್ನು ಮತ್ತೊಮ್ಮೆ ನೋಡಿದ. ಅವನ ಬಾಯಿಗೆ ಏನೋ ತಮಾಷೆ ಬರುತ್ತದೆಂದು ಕಾದೆ. ಬರಲಿಲ್ಲ.

"ಇಡ್ರಿ," ಎಂದ.

ಹೊರಗೆ ಬಂದು ಗೋಡೆಗೆ ಒರಗಿ ನಿಂತ. ಕಾಯುವವರ ಸಾಲು ನಮ್ಮನ್ನು ದಾಟಿ ಬಾಗಿಲವರೆಗೆ ಹೋಗಿತ್ತು.

"ಕಡಿಮೆ ಬರತೈತೆ ಅಂದ್ಕಂಡಿದ್ದೆ ಅಪ್ಪ," ಎಂದ.

"ನಾನೂ ಅಂದ್ಕಂಡಿದ್ದೆ."

"ಇಷ್ಟೆಲ್ಲ ಮಾಡಿದ್ದು ಕಡಿಮೆ ಬರಾಕೆ ಅಂತ ಅಂದ್ಕಂಡಿದ್ದೆ."

ಅವನ ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿದೆ. ನೀರು ತಂದುಕೊಟ್ಟೆ. ಕುಡಿದರೆ ಬಸ್ಸಿನಲ್ಲಿ ಕಷ್ಟವಾಗುತ್ತದೆಂದು ತುಟಿ ಮಾತ್ರ ಒದ್ದೆ ಮಾಡಿಕೊಂಡು ವಾಪಸು ಕೊಟ್ಟ.

ಮನೆಯಲ್ಲಿ ಅವನೇ ತಾಯಿಗೆ ಎಲ್ಲವನ್ನೂ ಹೇಳಿದ. ಅವಳು ರಾಗಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

"ಅದು ಮಣ್ಣಾಗೇ ಇದ್ದಿದ್ರೆ?"

"ಈ ವಿಷಯ ಗೊತ್ತಾಗ್ತಿರ್ಲಿಲ್ಲ. ಆರಾಮಾಗಿ ಇದ್ದೀನಿ ಅಂದ್ಕಂಡು ಮೋಟಾರು ಸುತ್ತಕಂತ ಕುಂತಿರ್ತಿದ್ದೆ. ಅದು ಒಳಗೇ ಬೆಳೀತಿತ್ತೋ ಏನೋ."

ಅವಳು ಮೊರದ ರಾಗಿಯಿಂದ ಒಂದು ಕಲ್ಲು ಆರಿಸಿ ಬಿಸಾಕಿದಳು.

"ಕರೆಂಟು ಇಟ್ರೆ ಸುಡತೈತಾ?"

"ಹೊರಗೆ ಏನೂ ಗೊತ್ತಾಗಲ್ವಂತೆ. ಮಿಷನ್ನು ಸುತ್ತತೈತೆ, ನಾವು ಸುಮ್ಮನೆ ಮಲಗಿರೋದಂತೆ. ಬೆಂಕಿ ಅಲ್ಲ ಅವ್ವ ಅದು."

"ನಾನು ಬಂದು ನೋಡಬೌದಾ?"

"ಒಳಗೆ ಬಿಡಲ್ಲ. ಬಾಗ್ಲತ್ರ ಕುಂತ್ಕಬೌದು."

"ಬಾಗ್ಲತ್ರ ಕುಂತ್ಕಂತೀನಿ," ಎಂದಳು. ನಂತರ ನನ್ನ ಕಡೆ ತಿರುಗಿದಳು. "ಅದು ಈಗ ಎಲ್ಲೈತೆ?"

ಲ್ಯಾಬಿನವರು ಉಳಿದದ್ದನ್ನು ಡಾಕ್ಟರಿಗೆ ಹಿಂದಿರುಗಿಸಿದ್ದರು. ಅದನ್ನು ದಾವಣಗೆರೆಗೆ ಮುಟ್ಟಿಸಬೇಕಾಗಿತ್ತು, ಅಲ್ಲಿಯ ಸೊತ್ತು ಅದು. ಡಾಕ್ಟರು ನನಗೆ ಕೊಟ್ಟಿದ್ದು ನನ್ನ ಚೀಲದಲ್ಲೇ ಇತ್ತು. ಕೊಡಲೋ ಬೇಡವೋ ಎಂದು ಹಿಂದೆಮುಂದೆ ನೋಡಿ, ಹೆಂಡತಿಯ ಕೈಗೆ ಕೊಟ್ಟೆ. ಭಾಗ್ಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಚೂರು ಮೊದಲಿಗಿಂತ ತೆಳುವಾಗಿತ್ತು. ಹೆಂಡತಿ ಅದನ್ನು ಬೆರಳಿನಿಂದ ಸವರಿದಳು.

"ಅಲ್ಲಿ ಎಷ್ಟು ವರ್ಷ ಇಟ್ಕಂತಾರೆ?"

"ಬಹಳ ವರ್ಷ."

"ಇಟ್ಕಳ್ಳಿ. ಮುಂದೆ ಮತ್ತೆ ನೋಡೋದು ಬಂದ್ರೆ ಬೇಕಾಗತೈತೆ." ನನ್ನ ಕೈಗೆ ವಾಪಸು ಕೊಟ್ಟಳು. "ನಾಳೇನೆ ಕೊಟ್ಬರ್ರಿ. ಇಲ್ಲಿ ಸೆಕೆ."

ಮರುದಿನ ಬೆಳಿಗ್ಗೆಯ ಬಸ್ಸಿಗೆ ಮೂವರೂ ಹೊರಟೆವು. ರೇಡಿಯೇಷನ್ ಶುರುವಾಗುವ ಮೊದಲು ಕೊಟ್ರೇಶನ ಹೊಟ್ಟೆಯ ಮೇಲೆ ಅಳತೆ ತೆಗೆದು ಗೆರೆ ಹಾಕಬೇಕಾಗಿತ್ತು, ಅದೂ ದಾವಣಗೆರೆಯಲ್ಲೇ. ನಾನು ಬ್ಲಾಕನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತೆ. ತಾಯಿ ಮಗ ಹಿಂದಿನ ಸೀಟಿನಲ್ಲಿ ಕುಳಿತರು. ಸೀಟು ಒದ್ದೆಯಾದೀತೆಂದು ಅವಳು ತನ್ನ ಹಳೆಯ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಅವನ ಕೆಳಗೆ ಹಾಕಿದಳು. ಯಾರಾದರೂ ನೋಡುತ್ತಾರೆ ಬಿಡವ್ವ ಎಂದು ಅವನು ಗೊಣಗಿದ. ನೋಡಲಿ ಎಂದಳು. ಹೊಳಲ್ಕೆರೆ ದಾಟುವಷ್ಟರಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು.